ಪಚ್ಚೆ ಕೊರಕ ಬರುವ ಮೊದಲೇ ಮರಗಳ ಲೆಕ್ಕ ಮುಗಿದಿರಲಿ

ಅಮೆರಿಕ ಮತ್ತು ಕೆನಡಾದ ಊರುಗಳ ರಸ್ತೆಬದಿಯಲ್ಲಿ, ಉದ್ಯಾನಗಳಲ್ಲಿ, ಊರಿಗೆ ಅಂಟಿಕೊಂಡ ಸಮುದಾಯದ ಕಾಡುಗಳಲ್ಲಿ ಆ್ಯಶ್ ಮರಗಳನ್ನು ಒಣಗಿಸುತ್ತಿರುವ ಕೀಟದ ಹೆಸರು ಎಮರಾಲ್ಡ್ ಆ್ಯಶ್ ಬೋರರ್. ಭತ್ತದ ಕಾಳಿಗಿಂತ ತುಸುವೇ ಉದ್ದವಾದ, ಲೋಹದಂತೆ ಹೊಳೆಯುವ ಈ ಹಸಿರು ದುಂಬಿಯನ್ನು ಪಚ್ಚೆ ಕೊರಕ ಎಂದು ಕರೆಯೋಣ. ಇದರ ತವರು ಈಶಾನ್ಯ ಚೀನಾ, ಕೊರಿಯಾ ಮತ್ತು ರಷ್ಯಾದ ಪೂರ್ವದಂಚು. ಅಲ್ಲಿನ ಆ್ಯಶ್ ಜಾತಿಗಳು ಇದರೊಂದಿಗೇ ವಿಕಾಸಗೊಂಡಿರುವುದರಿಂದ ಬಳಲಿದ ಮರಗಳು ಮಾತ್ರ ಇದಕ್ಕೆ ತುತ್ತಾಗುತ್ತವೆ. ಉತ್ತರ ಅಮೆರಿಕದ ಮರಗಳಿಗೆ ಆ ರಕ್ಷಣೆ ಇಲ್ಲ.

ಡೆಟ್ರಾಯಿಟ್ ಸುತ್ತಮುತ್ತ ಈ ಕೀಟವನ್ನು ಗುರುತಿಸಿದ್ದು 2002ರಲ್ಲಿ. ಸತ್ತ ಮರಗಳ ವಾರ್ಷಿಕ ಉಂಗುರಗಳನ್ನು ಆಮೇಲೆ ಓದಿದಾಗ, 1990ರ ದಶಕದಿಂದಲೇ ಅದು ಅಲ್ಲಿತ್ತೆಂಬುದು ಸ್ಪಷ್ಟವಾಯಿತು. ಸರಕು ತುಂಬುವ ಮರದ ಪೆಟ್ಟಿಗೆಗಳಲ್ಲಿ ಅಡಗಿ ಬಂದಿರಬೇಕು. ಮೊದಲ ಕೆಲವು ವರ್ಷ ಅಲ್ಲೊಂದು ಇಲ್ಲೊಂದು ಮರ ಒಣಗುತ್ತದೆ; ಆಮೇಲೆ ಸಾವು ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗಿ, ಹತ್ತು ವರ್ಷಗಳ ಆಸುಪಾಸಿನಲ್ಲಿ ಊರಿನ ಬಹುಪಾಲು ಆ್ಯಶ್ ಮರಗಳು ಮುಗಿಯುತ್ತವೆ. ಆರಂಭದ ಆ ಸದ್ದಿಲ್ಲದ ವರ್ಷಗಳೇ ನಮಗೆ ಸಿಗುವ ಸಮಯ. ಮುಂದಿನ ಎಲ್ಲ ಹೆಜ್ಜೆಗಳೂ ಆ ಸಮಯವನ್ನು ಬಳಸಿಕೊಳ್ಳುವ ಹೆಜ್ಜೆಗಳು.

ಮರವನ್ನು ಗುರುತಿಸಿ, ಎಣಿಸಿ

ಆ್ಯಶ್ ನಮ್ಮ ಮಲ್ಲಿಗೆ, ಪಾರಿಜಾತಗಳ ಕುಟುಂಬಕ್ಕೆ ಸೇರಿದ ಮರ. ಕೊಂಬೆಗಳು ಎದುರುಬದುರಾಗಿ ಹೊರಡುತ್ತವೆ. ಒಂದು ಎಲೆಯಲ್ಲಿ ಸಾಮಾನ್ಯವಾಗಿ 5ರಿಂದ 11 ಕಿರುಎಲೆಗಳಿರುತ್ತವೆ. ಬಲಿತ ಮರದ ತೊಗಟೆಯ ಮೇಲೆ ವಜ್ರಾಕಾರದ ಏಣುಗಳು ಹೆಣೆದುಕೊಂಡಿರುತ್ತವೆ. ಮೌಂಟನ್ ಆ್ಯಶ್ ಎಂಬ ಹೆಸರಿನ ಮರ ಆ್ಯಶ್ ಅಲ್ಲ, ಅದಕ್ಕೆ ಈ ಕೀಟದ ಭಯವೂ ಇಲ್ಲ. ಪ್ರತಿ ಮರದ ಸ್ಥಳ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ದಪ್ಪ, ನೆತ್ತಿಯ (ಕೊಂಬೆ, ಎಲೆಗಳು ಹರಡಿದ ಮೇಲ್ಭಾಗದ) ಸ್ಥಿತಿ, ಕೆಳಗೆ ಮನೆಯೋ ಶಾಲೆಯೋ ವಿದ್ಯುತ್ ತಂತಿಯೋ ಇದೆಯೇ ಎಂಬುದನ್ನು ಬರೆದಿಡಬೇಕು. ಬಡಾವಣೆಯ ಸ್ವಯಂಸೇವಕರು ಕೆಲವು ವಾರಾಂತ್ಯಗಳಲ್ಲಿ ಮಾಡಿ ಮುಗಿಸಬಹುದಾದ ಈ ಪಟ್ಟಿಯಿಲ್ಲದೆ ಯಾವ ಊರೂ ಸರಿಯಾದ ಬಜೆಟ್ ಮಾಡಲಾರದು.

ಕೀಟವನ್ನು ಹುಡುಕುವ ಬಗೆ

ಬೇಸಿಗೆಯಲ್ಲಿ ಹೆಣ್ಣು ದುಂಬಿ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳು ತೊಗಟೆಯ ಅಡಿಗೆ ಇಳಿದು, ಹಾವಿನ ಹಾದಿಯಂತೆ ಅಂಕುಡೊಂಕಾಗಿ ಕೊರೆಯುತ್ತಾ, ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿಯನ್ನೂ ನೀರು ಮೇಲೇರುವ ಹೊರಪದರವನ್ನೂ ಕತ್ತರಿಸುತ್ತದೆ. ಮುಂದಿನ ವರ್ಷ ದುಂಬಿಯಾಗಿ ಹೊರಬರುವಾಗ ತೊಗಟೆಯಲ್ಲಿ ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ, 3ರಿಂದ 4 ಮಿ.ಮೀ. ಅಗಲದ ರಂಧ್ರ ಉಳಿಯುತ್ತದೆ. ನೆತ್ತಿ ತೆಳುವಾಗುವುದು, ಕಾಂಡದಿಂದ ಹೊಸ ಚಿಗುರು ಗುಂಪಾಗಿ ಒಡೆಯುವುದು, ಹುಳು ಹುಡುಕುವ ಮರಕುಟಿಗಗಳು ಹೊರತೊಗಟೆಯನ್ನು ಸುಲಿದು ಕಾಂಡ ಅಲ್ಲಲ್ಲಿ ತಿಳಿಬಣ್ಣಕ್ಕೆ ತಿರುಗುವುದು ಇತರ ಗುರುತುಗಳು.

ಆದರೆ ಈ ಗುರುತುಗಳು ಕಣ್ಣಿಗೆ ಬೀಳುವ ಹೊತ್ತಿಗೆ ಕೀಟ ಬಂದು ಕೆಲವು ವರ್ಷಗಳೇ ಆಗಿರುತ್ತವೆ, ಏಕೆಂದರೆ ದಾಳಿ ಶುರುವಾಗುವುದು ನೆತ್ತಿಯ ಕೊಂಬೆಗಳಲ್ಲಿ. ಹಾಗಾಗಿ ಕೆನಡಾದ ಅರಣ್ಯ ಸೇವೆ ರೂಪಿಸಿದ ಕೊಂಬೆ ಪರೀಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ. ಎಲೆ ಉದುರಿದ ಋತುವಿನಲ್ಲಿ ನೆತ್ತಿಯ ನಡುಭಾಗದಿಂದ, ಬುಡದಲ್ಲಿ 5ರಿಂದ 8 ಸೆಂ.ಮೀ. ದಪ್ಪವಿರುವ ಎರಡು ಕೊಂಬೆಗಳನ್ನು ಕತ್ತರಿಸಿ, ಅವುಗಳ ಬುಡದ 50 ಸೆಂ.ಮೀ. ತೊಗಟೆಯನ್ನು ಜಾಗ್ರತೆಯಿಂದ ಹೆರೆದು ಹುಳುವಿನ ಜಾಡು ಹುಡುಕಬೇಕು. ಮರ ಹೊರಗಿನಿಂದ ಆರೋಗ್ಯವಾಗಿ ಕಾಣುತ್ತಿರುವಾಗಲೇ ಈ ಪರೀಕ್ಷೆ ಕೀಟವನ್ನು ತೋರಿಸಿಕೊಡಬಲ್ಲದು.

ಉಳಿಸುವ ಮರ, ಕಡಿಯುವ ಮರ

ಎಲ್ಲವನ್ನೂ ಉಳಿಸಲಾಗದು ಎಂಬುದನ್ನು ಆರಂಭದಲ್ಲೇ ಒಪ್ಪಿಕೊಳ್ಳುವುದು ಕಷ್ಟವಾದರೂ ಅಗತ್ಯ. ನೆತ್ತಿಯ ನಷ್ಟ ಶೇ 30ಕ್ಕಿಂತ ಕಡಿಮೆಯಿರುವ, ಒಳ್ಳೆಯ ಜಾಗದಲ್ಲಿ ನಿಂತ ದೊಡ್ಡ ಮರಗಳು ಚಿಕಿತ್ಸೆಗೆ ಅರ್ಹ. ಅರ್ಧಕ್ಕೂ ಹೆಚ್ಚು ನೆತ್ತಿ ಒಣಗಿದ ಮರಕ್ಕೆ ಹಣ ಹಾಕಿ ಫಲವಿಲ್ಲ; ಕಾಂಡಕ್ಕೆ ಚುಚ್ಚಿದ ಔಷಧ ಮೇಲೇರುವುದು ನೀರಿನ ಜೊತೆಗೆ, ಆ ದಾರಿಯೇ ಕಡಿದುಹೋಗಿದ್ದರೆ ಔಷಧ ಕೊಂಬೆಗಳನ್ನು ತಲುಪುವುದಿಲ್ಲ.

ನಮ್ಮ ಕೋಸು, ಮೆಣಸಿನಕಾಯಿ ಬೆಳೆಗಾರರಿಗೆ ಗೊತ್ತಿರುವ ಎಮಾಮೆಕ್ಟಿನ್ ಬೆಂಜೋಯೇಟ್ ಎಂಬ ಕೀಟನಾಶಕ ಇಲ್ಲಿ ಅತ್ಯಂತ ಪರಿಣಾಮಕಾರಿ. ವಸಂತದಲ್ಲಿ ಎಲೆ ಪೂರ್ತಿ ಬಿಚ್ಚಿಕೊಂಡ ಮೇಲೆ, ಮಣ್ಣಿನಲ್ಲಿ ತೇವವಿರುವಾಗ, ಪರವಾನಗಿ ಇರುವ ಮರತಜ್ಞರು ಕಾಂಡದ ಬುಡಕ್ಕೆ ಇದನ್ನು ಚುಚ್ಚುತ್ತಾರೆ. ಒಂದು ಚಿಕಿತ್ಸೆ ಎರಡು, ಹಲವು ಬಾರಿ ಮೂರು ವರ್ಷ ಕಾಯುತ್ತದೆ. ಕೆನಡಾದಲ್ಲಿ ಬಳಕೆಯಲ್ಲಿರುವ ಇನ್ನೊಂದು ಚುಚ್ಚುಮದ್ದು ಅಜಾಡಿರಾಕ್ಟಿನ್, ಅಂದರೆ ನಮ್ಮ ಬೇವಿನ ಬೀಜದ ಸತ್ವ. ಕೀಟದ ಒತ್ತಡ ಕಡಿಮೆಯಿರುವಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಹೆಚ್ಚು ಸಲ ಕೊಡಬೇಕಾಗುತ್ತದೆ. ಇಮಿಡಾಕ್ಲೋಪ್ರಿಡ್ ಎಂಬ ಮತ್ತೊಂದು ಕೀಟನಾಶಕವನ್ನು ಬುಡದ ಮಣ್ಣಿಗೆ ಸುರಿಯುವ ಕ್ರಮವೂ ಇದೆ. ಹೂಗಿಡಗಳು ಬೇರಿನ ವಲಯದಲ್ಲಿದ್ದರೆ ಅಥವಾ ನೀರಿನ ಸೆಲೆ ಹತ್ತಿರವಿದ್ದರೆ, ಜೇನುನೊಣಗಳ ಮತ್ತು ಜಲಚರಗಳ ಸಲುವಾಗಿ ಅದನ್ನು ಬಿಟ್ಟುಬಿಡುವುದೇ ಸರಿ.

ಕಡಿಯಬೇಕಾದ ಮರವನ್ನು ಸಾಯುವ ತನಕ ಕಾಯಬಾರದು. ಸತ್ತ ಆ್ಯಶ್ ಬಹುಬೇಗ ಪೆಡಸಾಗಿ ಮುರಿಯುತ್ತದೆ. ಅದನ್ನು ಹತ್ತುವ ಕಾರ್ಮಿಕರ ಜೀವಕ್ಕೆ ಅಪಾಯ, ಖರ್ಚೂ ಹೆಚ್ಚು. ದುಂಬಿ ಹಾರಾಡದ ಚಳಿಗಾಲದಲ್ಲಿ ಕಡಿದು, 2.5 ಸೆಂ.ಮೀ.ಗಿಂತ ಚಿಕ್ಕ ಚೂರುಗಳಾಗಿ ಪುಡಿಮಾಡಬೇಕು. ಕಡಿದ ದಿಮ್ಮಿಯಿಂದಲೂ ಮುಂದಿನ ಬೇಸಿಗೆಯಲ್ಲಿ ದುಂಬಿ ಹೊರಬರುತ್ತದೆ. ತಾನಾಗಿ ಹಾರಿ ನಿಧಾನವಾಗಿ ಹರಡುವ ಕೀಟವನ್ನು ನೂರಾರು ಕಿಲೋಮೀಟರ್ ದಾಟಿಸಿದ್ದು ಕ್ಯಾಂಪಿಗೆಂದು ಜನ ಕಾರಿನಲ್ಲಿ ಒಯ್ದ ಸೌದೆ. 2021ರ ಜನವರಿಯಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಆ್ಯಶ್ ಮರ, ಸೌದೆಗಳ ಸಾಗಣೆಯ ಮೇಲಿದ್ದ ತನ್ನ ನಿರ್ಬಂಧವನ್ನು ಹಿಂತೆಗೆದುಕೊಂಡಿದೆ. ಆದ್ದರಿಂದ ಸೌದೆಯನ್ನು ಸಿಕ್ಕ ಊರಿನಲ್ಲೇ ಕೊಂಡು ಅಲ್ಲೇ ಉರಿಸುವ ಹೊಣೆ ಈಗ ಮೊದಲಿಗಿಂತ ಹೆಚ್ಚಾಗಿ ನಮ್ಮ ಮೇಲಿದೆ.

ಕಾಡಿನಲ್ಲಿ ಕಣಜ, ಬೀದಿಯಲ್ಲಿ ವೈವಿಧ್ಯ

ಸಾವಿರಾರು ಮರಗಳ ಕಾಡಿಗೆ ಚುಚ್ಚುಮದ್ದು ಸಾಧ್ಯವಿಲ್ಲ. ಅಲ್ಲಿಗೆ ಕೀಟದ ತವರಿನಿಂದಲೇ ತಂದ, ಅದರ ಮೊಟ್ಟೆ ಮತ್ತು ಮರಿಹುಳುಗಳನ್ನು ಮಾತ್ರ ಅರಸುವ ಪುಟ್ಟ ಪರತಂತ್ರ ಕಣಜಗಳನ್ನು (ಬೇರೆ ಕೀಟದ ಮೊಟ್ಟೆ, ಮರಿಹುಳುಗಳಲ್ಲಿ ಮೊಟ್ಟೆಯಿಟ್ಟು ಅವನ್ನು ಕೊಲ್ಲುವ ಕಣಜಗಳನ್ನು) 2007ರಿಂದ ಬಿಡಲಾಗುತ್ತಿದೆ. ಮಿಷಿಗನ್‌ನ ಬ್ರೈಟನ್‌ನಲ್ಲಿರುವ ಸರ್ಕಾರಿ ಕೇಂದ್ರ ಅವುಗಳನ್ನು ಸಾಕಿ ಉಚಿತವಾಗಿ ಕೊಡುತ್ತದೆ. ಮೊದಲು ನೆಲೆಗೊಂಡ ಕಣಜದ ಮೊಟ್ಟೆಯಿಡುವ ಸೂಜಿ ಗಿಡ್ಡವಾದ್ದರಿಂದ ತೆಳು ತೊಗಟೆಯ ಎಳೆಯ ಮರಗಳಿಗಷ್ಟೇ ಅದರ ನೆರವು; ದಪ್ಪ ತೊಗಟೆಯನ್ನೂ ದಾಟಬಲ್ಲ ಮತ್ತೊಂದು ಕಣಜಕ್ಕೆ 2015ರಲ್ಲಿ ಅನುಮತಿ ಸಿಕ್ಕಿತು. ಇವು ಇಂದಿನ ದೊಡ್ಡ ಮರವನ್ನು ಉಳಿಸುವುದಕ್ಕಿಂತ ಮುಂದಿನ ಪೀಳಿಗೆಯ ಸಸಿಗಳನ್ನು ಉಳಿಸುತ್ತವೆ.

ಮರುನೆಡುವಾಗ ಹಳೆಯ ತಪ್ಪು ಮರುಕಳಿಸಬಾರದು. ಡಚ್ ಎಲ್ಮ್ ರೋಗದಿಂದ ಬೀದಿಗಳ ಎಲ್ಮ್ ಮರಗಳು ಹೋದಾಗ ಅವುಗಳ ಜಾಗಕ್ಕೆ ಸಾಲುಸಾಲಾಗಿ ಬಂದದ್ದು ಆ್ಯಶ್. ಮಲೆನಾಡಿನಲ್ಲಿ ಕಾಳುಮೆಣಸಿನ ಬಳ್ಳಿಗೆ ಆಸರೆಯಾಗಿ ಹಾಲುವಾಣದ ಮರವನ್ನೇ ನೆಚ್ಚಿದ್ದ ತೋಟಗಳು ಗಂಟು ಕಣಜದ ದಾಳಿಯಲ್ಲಿ ಪಟ್ಟ ಪಾಡನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಸಸ್ಯವಿಜ್ಞಾನಿ ಫ್ರಾಂಕ್ ಸ್ಯಾಂಟಮೂರ್ 1990ರಲ್ಲಿ ಸೂಚಿಸಿದ ಅಳತೆ ಇಂದಿಗೂ ಉಪಯುಕ್ತ: ಊರಿನ ಮರಗಳಲ್ಲಿ ಒಂದೇ ಪ್ರಭೇದ ಶೇ 10, ಒಂದೇ ಕುಲ ಶೇ 20, ಒಂದೇ ಕುಟುಂಬ ಶೇ 30 ಮೀರಬಾರದು.

ಕೊನೆಗೊಂದು ಕೆಲಸ. ಸುತ್ತಲಿನ ಆ್ಯಶ್‌ಗಳೆಲ್ಲ ಸತ್ತು ಎರಡು ವರ್ಷ ಕಳೆದರೂ, ಯಾವ ಔಷಧವೂ ಇಲ್ಲದೆ ಒಂದು ಮರ ಹಸಿರಾಗಿ ನಿಂತಿದ್ದರೆ ಅದನ್ನು ಕಡಿಯಬೇಡಿ. ಅದರ ಸ್ಥಳವನ್ನು ಗುರುತಿಸಿ ಅರಣ್ಯ ಇಲಾಖೆಗೆ ತಿಳಿಸಿ. ಒಹಾಯೊದ ಡೆಲವೇರ್‌ನಲ್ಲಿರುವ ಅರಣ್ಯ ಸೇವೆಯ ಸಂಶೋಧಕರು ಅಂಥ ಮರಗಳ ರೆಂಬೆಗಳನ್ನು ಕಸಿ ಮಾಡಿ, ಕೀಟ ತಡೆಯಬಲ್ಲ ಆ್ಯಶ್ ತಳಿಗಳನ್ನು ಬೆಳೆಸುವ ಪ್ರಯತ್ನದಲ್ಲಿದ್ದಾರೆ.