ಡೆಕ್ಸಾ ಯಾವುದಕ್ಕೆ?

ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಕಿಮೋಗೆ ಮುಂಚೆ, ವಾಂತಿಯಾಗದಿರಲಿ ಎಂದು ಒಬ್ಬ ಅಜ್ಜಿಗೆ ಡೆಕ್ಸಾಮೆಥಾಸೋನ್ ಕೊಡಬೇಕಿತ್ತು. ಅವಸರದಲ್ಲಿ ಇಡೀ ಸಿರಿಂಜನ್ನು ಒಂದೇ ಉಸಿರಿಗೆ ನರಕ್ಕೆ ಒತ್ತಿಬಿಟ್ಟೆ. ಅಜ್ಜಿ ದಡಕ್ಕನೆ ಎದ್ದು ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅಯ್ಯೋ, ಕೆಳಗೆಲ್ಲ ಮೆಣಸಿನಪುಡಿ ಎರಚಿದ ಹಾಗೆ ಉರೀತಿದೆ ಕಣವ್ವಾ" ಅಂದರು. ನನಗೆ ಕೈಕಾಲೇ ಆಡಲಿಲ್ಲ. ಸೀನಿಯರ್ ಸಿಸ್ಟರ್ ಬಂದು, "ಈಗ ಹೋಗುತ್ತೆ ಅಜ್ಜಿ" ಅಂದರು. ಸ್ವಲ್ಪ ಹೊತ್ತಿಗೆ ಹೋಯಿತು ಕೂಡ. ಡೆಕ್ಸಾ ವೇಗವಾಗಿ ಹೋದರೆ ಗುಪ್ತಾಂಗದ ಸುತ್ತ ಹೀಗೆ ಉರಿ, ತುರಿಕೆ ಬರುವುದುಂಟು. ಈಗ ಸಲೈನಿನಲ್ಲಿ ಬೆರೆಸಿ ನಿಧಾನವಾಗಿ ಬಿಡುತ್ತೇನೆ.

ನಮ್ಮ ಮೈಯೇ ಮಾಡಿಕೊಳ್ಳುವ ಕಾರ್ಟಿಸಾಲ್ ಹಾರ್ಮೋನಿನ ಕೃತಕ ರೂಪ ಇದು, ಅದಕ್ಕಿಂತ ಬಹಳ ಪ್ರಬಲ; ಊತ ಇಳಿಸುತ್ತದೆ. ಹಾಗಾಗಿ ಯಾವ ವಾರ್ಡಿಗೆ ಹೋದರೂ ಅದೇ ಪುಟ್ಟ ಬಾಟಲಿ. ಮೆದುಳಿನ ಗಡ್ಡೆಯ ಸುತ್ತಲಿನ ಊತಕ್ಕೂ ಅದೇ, ನಾಯಿ ಬೊಗಳಿದಂತೆ ಕೆಮ್ಮುವ ಮಗುವಿನ ಗಂಟಲಿಗೂ ಅದೇ.

ಹೆರಿಗೆ ವಾರ್ಡಿನಲ್ಲಿ ಅದು ಔಷಧಿ ತಾಯಿಗೆ, ಉಪಯೋಗ ಮಗುವಿಗೆ. 24ರಿಂದ 34 ವಾರದೊಳಗೆ ಹೆರಿಗೆಯಾಗುವ ಸೂಚನೆ ಕಂಡರೆ 12 ಗಂಟೆಗೊಮ್ಮೆ 6 ಮಿ.ಗ್ರಾಂ.ನಂತೆ ನಾಲ್ಕು ಸಲ ಸ್ನಾಯುವಿಗೆ. "ಸಿಸ್ಟರ್, ನನ್ನ ಸೊಂಟಕ್ಕೆ ಚುಚ್ಚಿದರೆ ಮಗುವಿನ ಶ್ವಾಸಕೋಶ ಹೇಗೆ ಬಲಿಯುತ್ತೆ?" ಎಂದು ಒಬ್ಬಾಕೆ ಕೇಳಿದ್ದಳು. ಔಷಧಿ ನಿನ್ನ ರಕ್ತಕ್ಕೆ ಸೇರಿ, ಮಾಸು ದಾಟಿ ಮಗುವಿಗೆ ಹೋಗುತ್ತದೆ ಎಂದೆ. ಬಾಟಲಿಯಲ್ಲಿರುವುದು 2 ಮಿ.ಲೀ., ಅಂದರೆ 8 ಮಿ.ಗ್ರಾಂ.; ಬೇಕಾದದ್ದು ಒಂದೂವರೆ ಮಿ.ಲೀ. ಉಳಿದ ಅರ್ಧವನ್ನು "ವೇಸ್ಟ್ ಯಾಕೆ" ಎಂದು ಸೇರಿಸಿ ಕೊಡಹೊರಟ ಹೊಸ ಹುಡುಗಿಯ ಕೈ ಹಿಡಿದಿದ್ದೇನೆ.

2020ರ ಕೋವಿಡ್‌ನಲ್ಲಿ ಬ್ರಿಟನ್ನಿನ 'ರಿಕವರಿ' ಎಂಬ ಔಷಧಿ ಪ್ರಯೋಗದ ಫಲಿತಾಂಶ ಬಂದ ಮೇಲೆ ದಿನಕ್ಕೆ 6 ಮಿ.ಗ್ರಾಂ., ಹೆಚ್ಚೆಂದರೆ ಹತ್ತು ದಿನ ಎಂದಾಯಿತು. ಅದೂ ಆಕ್ಸಿಜನ್ ಬೇಕಾದವರಿಗೆ ಮಾತ್ರ. ಬರೀ ಜ್ವರಕ್ಕೇ ಅಂಗಡಿಯಿಂದ ತಂದು ನುಂಗಿದವರೂ ಇದ್ದರು, ಸಿಟ್ಟು ಬರುತ್ತಿತ್ತು. ಸಕ್ಕರೆ ಕಾಯಿಲೆಯೇ ಇಲ್ಲದವರಿಗೂ ಗ್ಲುಕೋಮೀಟರ್ 300 ತೋರಿಸಿದ್ದನ್ನು ಕಂಡಿದ್ದೇನೆ. ಅಲ್ಲಿಂದ ಡೆಕ್ಸಾ ಚೀಟಿ ಕಂಡರೆ ಮೊದಲು ಬೆರಳಿಗೆ ಸೂಜಿ.

ವಾರಗಟ್ಟಲೆ ಗುಳಿಗೆ ತಿಂದವರದ್ದು ಬೇರೆ ಗೋಳು. ಹಸಿವು ಜಾಸ್ತಿಯಾಗಿ, ಮುಖ ಊದಿಕೊಂಡಿತೆಂದು ತಾವೇ ನಿಲ್ಲಿಸಿಬಿಡುತ್ತಾರೆ. ಅಷ್ಟು ದಿನ ಹೊರಗಿಂದ ಬಂದದ್ದಕ್ಕೆ ಒಗ್ಗಿದ, ಕಾರ್ಟಿಸಾಲ್ ಮಾಡುವ ಅಡ್ರಿನಲ್ ಗ್ರಂಥಿ ತಕ್ಷಣ ಎಚ್ಚರಾಗುವುದಿಲ್ಲ, ಬಿಪಿ ಕುಸಿಯುತ್ತದೆ. ಡಿಸ್ಚಾರ್ಜ್ ದಿನ ಕ್ಯಾಲೆಂಡರ್ ಹಾಳೆ ತರಿಸಿ, ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸಲು ಯಾವ ತಾರೀಖಿಗೆ ಎಷ್ಟು ಗುಳಿಗೆ ಎಂದು ನಾನೇ ಗೆರೆ ಎಳೆದು ಕೊಡುತ್ತೇನೆ.