ಬಸಿರಿಗೆ ಏಳು ತಿಂಗಳು ದಾಟಿದ ಮೇಲೆ ವಿಮಾನ ಹತ್ತಿ ವಿದೇಶಕ್ಕೆ ಹೋಗೋದಾ ಬೇಡವಾ? ತೀರ್ಮಾನ ಮಾಡೋದು ಹೀಗೆ

ಮೊದಲು ತಿಂಗಳ ಲೆಕ್ಕ ಬಿಡಿ, ವಾರದ ಲೆಕ್ಕ ಹಿಡಿಯಿರಿ. ನಮ್ಮ ಮನೆಗಳಲ್ಲಿ "ಎಂಟಕ್ಕೆ ಬಿದ್ದಿದೆ" ಅಂದರೆ ಒಬ್ಬರಿಗೆ 30 ವಾರ, ಇನ್ನೊಬ್ಬರಿಗೆ 34 ವಾರ. ಏರ್‌ಪೋರ್ಟ್ ಕೌಂಟರ್‌ನಲ್ಲಿ ಈ ಮಾತು ನಡೆಯುವುದಿಲ್ಲ. ಡಾಕ್ಟರ್ ಹತ್ತಿರವೂ ನಡೆಯುವುದಿಲ್ಲ.

ತಾಯಿ ಕಾರ್ಡ್ ತೆಗೆಯಿರಿ. ಅಥವಾ ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ರಿಪೋರ್ಟ್ ತೆಗೆಯಿರಿ. ಅದರಲ್ಲಿ ಹೆರಿಗೆಯ ಅಂದಾಜು ದಿನಾಂಕ ಇರುತ್ತದೆ. ಆ ದಿನಕ್ಕೆ 40 ವಾರ ತುಂಬುತ್ತದೆ. ಅಲ್ಲಿಂದ ಹಿಂದಕ್ಕೆ ಎಣಿಸಿ. ಒಂದು ಲೆಕ್ಕ ನೋಡೋಣ: ಹೆರಿಗೆ ದಿನಾಂಕ ಅಕ್ಟೋಬರ್ 20, ಹೊರಡೋದು ಆಗಸ್ಟ್ 10, ವಾಪಸ್ ಬರೋದು ಸೆಪ್ಟೆಂಬರ್ 14. ಹೊರಡುವ ದಿನ ನಿಮಗೆ 29 ವಾರ 6 ದಿನ. ಏನೂ ತೊಂದರೆ ಇಲ್ಲ ಅನಿಸುತ್ತೆ, ಅಲ್ವಾ? ವಾಪಸ್ ಬರುವ ದಿನ 34 ವಾರ 6 ದಿನ. ಅವಳಿ ಮಕ್ಕಳಾಗಿದ್ದರೆ ಆ ದಿನ ನಿಮ್ಮನ್ನು ಹೆಚ್ಚಿನ ವಿಮಾನಗಳಲ್ಲಿ ಹತ್ತಿಸಿಕೊಳ್ಳುವುದೇ ಇಲ್ಲ.

ಅದಕ್ಕೇ ಹೇಳೋದು, ಹೋಗುವ ಟಿಕೆಟ್ ನೋಡಿ ತೀರ್ಮಾನ ಮಾಡಬೇಡಿ, ಬರುವ ಟಿಕೆಟ್ ನೋಡಿ ಮಾಡಿ. ವಿಮಾನ ಕಂಪನಿಗಳ ನಿಯಮ ಒಂದೊಂದರದು ಒಂದೊಂದು ಥರ. ಸುಮಾರು 28 ವಾರದಿಂದ ಹಲವು ಕಂಪನಿಗಳು ಡಾಕ್ಟರ್ ಪತ್ರ ಕೇಳುತ್ತವೆ, ಕೆಲವು ಸ್ವಲ್ಪ ತಡವಾಗಿ ಕೇಳುತ್ತವೆ. ಒಂದೇ ಮಗುವಾದರೆ 36 ವಾರದ ಹೊತ್ತಿಗೆ, ಅವಳಿಯಾದರೆ 32 ವಾರದ ಹೊತ್ತಿಗೆ ಬಹುತೇಕ ಎಲ್ಲರೂ ಬಾಗಿಲು ಹಾಕುತ್ತಾರೆ. ನಿಮ್ಮ ಕಂಪನಿಯ ನಿಯಮವನ್ನು ಅವರ ವೆಬ್‌ಸೈಟ್‌ನಲ್ಲೇ ಓದಿ, ಏಜೆಂಟ್ ಬಾಯಿಮಾತು ನಂಬಬೇಡಿ. ನಡುವೆ ವಿಮಾನ ಬದಲಾಯಿಸುವುದಿದ್ದರೆ ಎರಡೂ ಕಂಪನಿಯ ನಿಯಮ ನೋಡಿ.

ನನ್ನದೇ ಕಥೆ ಹೇಳುತ್ತೇನೆ. ನಮ್ಮ ಮನೆ ವಿರಾಜಪೇಟೆ ಹತ್ತಿರ, ನಮ್ಮೆಜಮಾನ್ರು ಆಗ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದರು. ಹೆರಿಗೆ ಅಲ್ಲೇ ಆಗಲಿ, ಮಗು ಹುಟ್ಟಿದ ದಿನವೇ ಅಪ್ಪ ಎತ್ತಿಕೊಳ್ಳಲಿ ಅನ್ನೋದು ನನ್ನ ಆಸೆ. ಅಮ್ಮನೂ "ಹೋಗೋದಾದ್ರೆ ಈಗಲೇ ಹೋಗ್ಬಿಡು ಮಗಳೇ, ಆಮೇಲೆ ಆಗಲ್ಲ" ಅಂದರು. 33ನೇ ವಾರದಲ್ಲಿ ಹೊರಟೆ. ಕೈಯಲ್ಲಿ ಡಾಕ್ಟರ್ ಪತ್ರವೂ ಇತ್ತು. ಕೌಂಟರ್‌ನಲ್ಲಿದ್ದ ಹುಡುಗಿ ಪತ್ರ ತಿರುಗಿಸಿ ತಿರುಗಿಸಿ ನೋಡಿದಳು. ಅದರಲ್ಲಿ ಇದ್ದದ್ದು ಒಂದೇ ಸಾಲು: ಎಂಟು ತಿಂಗಳ ಗರ್ಭಿಣಿ, ಪ್ರಯಾಣ ಮಾಡಬಹುದು. ಎಷ್ಟು ವಾರ ಅಂತ ಇಲ್ಲ. ಯಾವ ತಾರೀಕಿನ ಪ್ರಯಾಣಕ್ಕೆ ಅಂತ ಇಲ್ಲ. ಪತ್ರ ಬರೆಸಿ 12 ದಿನ ಆಗಿತ್ತು, ಅವರ ನಿಯಮ 7 ದಿನದ ಒಳಗೆ. ಡಾಕ್ಟರ್‌ಗೆ ಫೋನ್ ಮಾಡಿದರೆ ಅವರು ಆಪರೇಷನ್ ಥಿಯೇಟರ್‌ನಲ್ಲಿ. ಕೌಂಟರ್ ಮುಚ್ಚಿತು. ಅಣ್ಣ ಟ್ರಾಲಿ ಹಿಡಿದುಕೊಂಡು ನಿಂತಿದ್ದ, ಅದರ ಮೇಲೆ ಕಾಫಿ ಪುಡಿ, ಕಾಚಂಪುಳಿ ಬಾಟಲಿ, ಮಗುವಿಗೆ ಅಂತ ಅಮ್ಮ ಹಳೇ ಸೀರೆಯಲ್ಲಿ ಹೊಲಿದ ಬಟ್ಟೆಗಳು. ಎಲ್ಲ ಹಾಗೇ ವಾಪಸ್ ಬಂದವು.

ಆ ಪತ್ರದಲ್ಲಿ ಏನಿರಬೇಕು ಅಂತ ನಾನು ಮೊದಲೇ ಕೇಳಬೇಕಿತ್ತು. ನೀವು ಕೇಳಿ. ಪಾಸ್‌ಪೋರ್ಟ್‌ನಲ್ಲಿರುವ ಹಾಗೇ ಹೆಸರು. ಹೊರಡುವ ದಿನಕ್ಕೆ ಎಷ್ಟು ವಾರ ಎಷ್ಟು ದಿನ. ಹೆರಿಗೆಯ ಅಂದಾಜು ದಿನಾಂಕ. ಒಂದು ಮಗುವಾ ಅವಳಿಯಾ. ತೊಡಕು ಏನೂ ಇಲ್ಲ, ಇಂಥ ತಾರೀಕು ವಿಮಾನದಲ್ಲಿ ಹೋಗಬಹುದು ಅನ್ನೋ ಮಾತು. ಡಾಕ್ಟರ್ ಸಹಿ, ಸೀಲ್, ನೋಂದಣಿ ಸಂಖ್ಯೆ, ಫೋನ್ ನಂಬರ್. ಇಂಗ್ಲಿಷ್‌ನಲ್ಲಿರಲಿ. ಕೆಲವು ಕಂಪನಿಗಳದ್ದು ಅವರದೇ ಫಾರಂ ಇರುತ್ತದೆ, ಅದನ್ನು ಪ್ರಿಂಟ್ ಹಾಕಿಸಿಕೊಂಡು ಹೋಗಿ ತುಂಬಿಸಿಕೊಳ್ಳಿ. ವಾಪಸ್ ಬರುವಾಗ ಅಲ್ಲಿನ ಡಾಕ್ಟರ್ ಹತ್ತಿರ ಹೊಸ ಪತ್ರ ಬೇಕಾಗುತ್ತದೆ, ಇಲ್ಲಿಂದ ಒಯ್ದ ಪತ್ರ ಅಷ್ಟರಲ್ಲಿ ಹಳತಾಗಿರುತ್ತದೆ.

ಅವತ್ತು ರಾತ್ರಿ ಮನೆಗೆ ಬರುವಾಗ ಘಾಟಿಯಲ್ಲಿ ಒಂದೊಂದು ತಿರುವಿಗೂ ಹೊಟ್ಟೆ ಕಲ್ಲಿನ ಹಾಗೆ ಬಿಗಿಯಾಗುತ್ತಿತ್ತು. ಅಮ್ಮ ನನ್ನ ಬೆನ್ನು ನೀವುತ್ತಾ "ಇನ್ನೇನು ಬಂತು, ಇನ್ನೇನು ಬಂತು" ಅನ್ನುತ್ತಿದ್ದರು. ವಿಮಾನದ ಮೂರು ಗಂಟೆಗೆ ಅಷ್ಟೆಲ್ಲ ಯೋಚನೆ ಮಾಡಿದ್ದೆ, ರಸ್ತೆಯ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ.

ಕೊಡಗಿನವರು ಇದನ್ನು ಜಾಸ್ತಿ ಯೋಚಿಸಬೇಕು. ನಮ್ಮಲ್ಲಿ ರೈಲಿಲ್ಲ, ವಿಮಾನ ನಿಲ್ದಾಣ ಇಲ್ಲ. ಮಡಿಕೇರಿಯಿಂದ ಬೆಂಗಳೂರೇ ಸುಮಾರು 260 ಕಿಲೋಮೀಟರ್, ಊರು ದಾಟಿ ದೇವನಹಳ್ಳಿ ಕಡೆಗೆ ಮತ್ತೆ ಹೋಗಬೇಕು. ಮಂಗಳೂರಿಗಾದರೆ ಸುಮಾರು 140, ಸಂಪಾಜೆ ಘಾಟಿ ಇಳಿದು. ವಿರಾಜಪೇಟೆ ಕಡೆಯವರಿಗೆ 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ ಹತ್ತಿರ, 60 ಕಿಲೋಮೀಟರ್ ಆಸುಪಾಸು, ಆದರೆ ಮಾಕುಟ್ಟದ ಕಾಡು ದಾಟಬೇಕು, ಅಲ್ಲಿ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಮಳೆಗಾಲದಲ್ಲಿ ಈ ಲೆಕ್ಕವೂ ತಲೆಕೆಳಗಾಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ರಸ್ತೆಯೇ ಮುಚ್ಚಿಹೋಗಿದ್ದು ನೆನಪಿದೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಹೊರಡುವುದಿದ್ದರೆ ಒಂದು ದಿನ ಮೊದಲೇ ಹೋಗಿ ಮೈಸೂರಿನಲ್ಲೋ ಮಂಗಳೂರಿನಲ್ಲೋ ನೆಂಟರ ಮನೆಯಲ್ಲಿ ಉಳಿದುಕೊಳ್ಳಿ. ಹಗಲಲ್ಲೇ ಘಾಟಿ ಇಳಿಯಿರಿ. ಮನೆ ಗೇಟಿನಿಂದ ಅಲ್ಲಿನ ಮನೆ ಬಾಗಿಲವರೆಗೆ ಒಟ್ಟು ಎಷ್ಟು ಗಂಟೆ ಅಂತ ಕೂಡಿಸಿ ನೋಡಿ. ಮೂರು ಗಂಟೆಯ ವಿಮಾನ ಅಂತ ನಾವು ಸುಮ್ನೆ ಹೇಳ್ತೀವಿ, ಕೂಡಿಸಿದರೆ 12 ಗಂಟೆ ದಾಟುತ್ತದೆ.

ಇನ್ನು ಆರೋಗ್ಯದ ಮಾತು. ಏರ್‌ಲೈನ್ ಹತ್ತಿಸಿಕೊಳ್ಳುತ್ತಾ ಅನ್ನೋದು ಒಂದು ಪ್ರಶ್ನೆ, ನೀವು ಹೋಗಬಹುದಾ ಅನ್ನೋದು ಬೇರೆಯೇ ಪ್ರಶ್ನೆ. ಅವರ ನಿಯಮ ಇರೋದು ಮುಖ್ಯವಾಗಿ ವಿಮಾನದಲ್ಲಿ ಹೆರಿಗೆ ಆಗದಿರಲಿ ಅಂತ. ಡಾಕ್ಟರ್ ಹತ್ತಿರ "ಹೋಗಬಹುದಾ?" ಅಂತ ಕೇಳಿದರೆ "ಹೂಂ, ಜೋಪಾನ" ಅಂತ ಉತ್ತರ ಬರುತ್ತದೆ. ಬಿಡಿಸಿ ಕೇಳಿ. ಮಾಸು ಕೆಳಗೆ ಬಂದಿದೆಯಾ? ಗರ್ಭಕಂಠ ಚಿಕ್ಕದಾಗಿದೆಯಾ? ಬಿಪಿ ಹೇಗಿದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ? ಮಗುವಿನ ಬೆಳವಣಿಗೆ ಸರಿಯಾಗಿದೆಯಾ? ಮಾಸು ಕೆಳಗಿದ್ದರೆ, ಈ ಬಸಿರಿನಲ್ಲಿ ರಕ್ತಸ್ರಾವ ಆಗಿದ್ದರೆ, ಬಿಪಿ ಏರುತ್ತಿದ್ದರೆ, ಹಿಂದಿನ ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ, ನನ್ನ ಮಾತು ಕೇಳುವುದಾದರೆ ಹೋಗಬೇಡಿ. ಮದುವೆ ಮನೆಯ ಫೋಟೋದಲ್ಲಿ ನೀವು ಇಲ್ಲದಿದ್ದರೂ ನಡೆಯುತ್ತದೆ.

ರಕ್ತ ಕಡಿಮೆ ಇದ್ದರೆ ಅದನ್ನೂ ಲಘುವಾಗಿ ತೆಗೆದುಕೊಳ್ಳಬೇಡಿ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟು ಇರಬಹುದು. ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ 1,748 ಮೀಟರ್, ಅಂದರೆ ಅದರ ತುದಿಗಿಂತಲೂ ಮೇಲೆ ಗಂಟೆಗಟ್ಟಲೆ ಕೂತ ಹಾಗೆ. ಆರೋಗ್ಯವಾಗಿರುವ ತಾಯಿಗೂ ಮಗುವಿಗೂ ಇದರಿಂದ ತೊಂದರೆ ಇಲ್ಲ. ಆದರೆ ಹಿಮೋಗ್ಲೋಬಿನ್ ತೀರಾ ಇಳಿದಿದ್ದರೆ, ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಇದ್ದರೆ, ಹೃದಯ ಅಥವಾ ಉಸಿರಾಟದ ತೊಂದರೆ ಇದ್ದರೆ ಆಮ್ಲಜನಕ ಸಾಲದೇ ಹೋಗಬಹುದು. ಎರಡು ತಿಂಗಳ ಹಿಂದಿನ ರಿಪೋರ್ಟ್ ನಂಬಿಕೊಂಡು ಕೂರಬೇಡಿ, ಹೊಸದಾಗಿ ರಕ್ತ ಪರೀಕ್ಷೆ ಮಾಡಿಸಿ.

ಬಸಿರಿಯರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಮೊದಲೇ ಜಾಸ್ತಿ, ನಾಲ್ಕು ಗಂಟೆಗಿಂತ ಹೆಚ್ಚು ಒಂದೇ ಕಡೆ ಕೂತರೆ ಇನ್ನೂ ಜಾಸ್ತಿ. ಕಾರಿನಲ್ಲಿ ಕೂತದ್ದೂ ಈ ಲೆಕ್ಕಕ್ಕೆ ಸೇರುತ್ತದೆ. ಓಡಾಡುವ ದಾರಿ ಪಕ್ಕದ ಸೀಟು ತೆಗೆದುಕೊಳ್ಳಿ, ಗಂಟೆಗೊಮ್ಮೆ ಎದ್ದು ನಡೆಯಿರಿ, ಬಿಗಿ ಸ್ಟಾಕಿಂಗ್ಸ್ ಯಾವ ಅಳತೆಯದು ಬೇಕು ಅಂತ ಡಾಕ್ಟರ್ ಹತ್ತಿರ ಕೇಳಿ, ಬಾತ್ರೂಮಿಗೆ ಹೋಗಬೇಕಾಗುತ್ತೆ ಅಂತ ನೀರು ಕುಡಿಯೋದು ಬಿಡಬೇಡಿ. ಹಿಂದೆ ಯಾವಾಗಲಾದರೂ ರಕ್ತ ಹೆಪ್ಪುಗಟ್ಟಿದ್ದರೆ ಇಂಜೆಕ್ಷನ್ ಬೇಕಾಗಬಹುದು, ಮುಚ್ಚಿಡದೆ ಹೇಳಿ. ಸೀಟ್ ಬೆಲ್ಟ್ ಹೊಟ್ಟೆಯ ಮೇಲೆ ಬೇಡ, ಕೆಳಗೆ ತೊಡೆಸಂದಿನ ಹತ್ತಿರ ಬರಲಿ. ಹೋಗುವ ದೇಶದಲ್ಲಿ ಸೊಳ್ಳೆಯಿಂದ ಹರಡುವ ಜಿಕಾ ಅಥವಾ ಮಲೇರಿಯಾ ಇದ್ದರೆ, ಅದೊಂದೇ ಸಾಕು ಪ್ರಯಾಣ ಮುಂದೂಡಲು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು: ಮಗು ಅಲ್ಲೇ, ದಿನ ತುಂಬುವ ಮೊದಲೇ ಹುಟ್ಟಿದರೆ? ಗಂಡ ಹೆಂಡತಿ ಇಬ್ಬರೂ ಕೂತು ಇದನ್ನು ಬಾಯಿಬಿಟ್ಟು ಮಾತಾಡಿ, ಅಪಶಕುನ ಅಂತ ಸುಮ್ಮನಾಗಬೇಡಿ. 32 ವಾರಕ್ಕೆ ಹುಟ್ಟಿದ ಮಗು ವಾರಗಟ್ಟಲೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯುನಲ್ಲಿ ಇರಬೇಕಾಗಬಹುದು. ಅಲ್ಲಿ ಆ ಖರ್ಚು ಯಾರು ಕೊಡುತ್ತಾರೆ? ಸಾಮಾನ್ಯ ಟ್ರಾವೆಲ್ ಇನ್ಶೂರೆನ್ಸ್ ಹೆರಿಗೆ ಖರ್ಚು ಕೊಡುವುದಿಲ್ಲ. ಕೆಲವು ಪಾಲಿಸಿಗಳು ತುರ್ತು ತೊಡಕಿಗೆ ಮಾತ್ರ, ಅದೂ ಇಷ್ಟು ವಾರದವರೆಗೆ ಅಂತ ಮಿತಿ ಇಟ್ಟು ಕೊಡುತ್ತವೆ. ತಾಯಿಯ ಖರ್ಚು ಬೇರೆ, ಹುಟ್ಟಿದ ಮಗುವಿನ ಖರ್ಚು ಬೇರೆ. ಎರಡನ್ನೂ ಇಮೇಲ್‌ನಲ್ಲಿ ಕೇಳಿ, ಇಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. ಗಂಡ ಅಲ್ಲೇ ಕೆಲಸದಲ್ಲಿದ್ದರೆ ಅವರ ಕಂಪನಿಯ ಇನ್ಶೂರೆನ್ಸ್‌ಗೆ ನಿಮ್ಮ ಹೆಸರು ಸೇರಿದೆಯಾ, ಹೆರಿಗೆಗೆ ಕಾಯುವ ಅವಧಿ ಇದೆಯಾ ಅಂತ ನೋಡಿಸಿ.

ಕಾಗದಪತ್ರದ ಕೆಲಸವೂ ಇದೆ. ಅಲ್ಲಿ ಹುಟ್ಟಿದ ಮಗುವಿಗೆ ಅಲ್ಲಿನ ಜನನ ಪತ್ರ ಬೇಕು, ಒಂದು ವರ್ಷದೊಳಗೆ ಭಾರತದ ರಾಯಭಾರ ಕಚೇರಿಯಲ್ಲಿ ನೋಂದಣಿ ಆಗಬೇಕು, ಪಾಸ್‌ಪೋರ್ಟ್ ಆಗಬೇಕು. ಇದೆಲ್ಲ ಮುಗಿಯದೆ ಮಗು ವಿಮಾನ ಹತ್ತುವ ಹಾಗಿಲ್ಲ, ಅಲ್ಲಿಯವರೆಗೆ ನೀವೂ ಬರುವ ಹಾಗಿಲ್ಲ, ನಿಮ್ಮ ವೀಸಾ ಮುಗಿದರೆ ಅದೊಂದು ತಲೆನೋವು. ಗಲ್ಫ್‌ಗೆ ಹೋಗುವವರು ಮದುವೆ ಪ್ರಮಾಣಪತ್ರ ಅಟೆಸ್ಟ್ ಮಾಡಿಸಿಕೊಂಡೇ ಹೊರಡಿ. ಅಮೆರಿಕಕ್ಕೆ ವಿಸಿಟರ್ ವೀಸಾ ಕೇಳುವವರಿಗೆ ಇನ್ನೊಂದು ಮಾತು: ಮಗುವಿಗೆ ಅಲ್ಲಿನ ಪೌರತ್ವ ಸಿಗಲಿ ಅನ್ನೋದೇ ಮುಖ್ಯ ಉದ್ದೇಶ ಅಂತ ಅಧಿಕಾರಿಗೆ ಅನಿಸಿದರೆ ವೀಸಾ ಕೊಡಬಾರದು ಅಂತ 2020ರಲ್ಲೇ ನಿಯಮ ಬಂದಿದೆ. ಬಸಿರು ಮುಚ್ಚಿಟ್ಟು ಹೋಗುವ ಸಾಹಸ ಬೇಡ.

ನಾನು ಎರಡನೇ ಸಲ ಟಿಕೆಟ್ ಮಾಡಲಿಲ್ಲ. ಮಗ ದಿನ ತುಂಬಿಯೇ ಇಲ್ಲೇ ಹುಟ್ಟಿದ, ಅವನ ಅಪ್ಪ ಅವನನ್ನು ಎತ್ತಿಕೊಂಡದ್ದು ಎರಡು ತಿಂಗಳಾದ ಮೇಲೆ. ಆ ಬೇಸರ ಇವತ್ತಿಗೂ ಹೋಗಿಲ್ಲ. ಅದಕ್ಕೇ "ಸುಮ್ನೆ ಮನೆಯಲ್ಲಿರು" ಅಂತ ಯಾರಿಗೂ ಸಲೀಸಾಗಿ ಹೇಳುವುದಿಲ್ಲ. ಹೆರಿಗೆಗೇ ಗಂಡನ ಹತ್ತಿರ ಹೋಗುವುದಿದ್ದರೆ 28 ವಾರದ ಒಳಗೇ ಹೋಗಿಬಿಡಿ, ಅಲ್ಲಿನ ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಬಾಣಂತನಕ್ಕೆ ಅಮ್ಮನೋ ಅತ್ತೆಯೋ ಬರುವಂತೆ ಅವರ ವೀಸಾಕ್ಕೂ ಈಗಲೇ ಹಾಕಿ. ಮದುವೆಗೋ ಸುತ್ತಾಟಕ್ಕೋ ಆದರೆ 32 ವಾರದ ಒಳಗೆ ವಾಪಸ್ ಮನೆಯಲ್ಲಿರುವ ಹಾಗೆ ಟಿಕೆಟ್ ಮಾಡಿ. ಅದು ಆಗದಿದ್ದರೆ ಬಿಟ್ಟುಬಿಡಿ. ಇದು ನನ್ನ ಲೆಕ್ಕ, ನಿಮ್ಮ ಡಾಕ್ಟರ್ ಇನ್ನೂ ಕಮ್ಮಿ ಹೇಳಿದರೆ ಅವರ ಮಾತೇ ಮಾತು.

ತಾರೀಕು ಬದಲಾಯಿಸಬಹುದಾದ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಹೊರಡುವ ವಾರ ಇನ್ನೊಂದು ಸಲ ತೋರಿಸಿಕೊಳ್ಳಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ರಕ್ತದ ಗುಂಪು, ಮಾತ್ರೆಗಳ ಚೀಟಿ ಎಲ್ಲ ಕೈಚೀಲದಲ್ಲಿರಲಿ, ದೊಡ್ಡ ಬ್ಯಾಗಿನಲ್ಲಿ ಬೇಡ. ನೀವು ಇಳಿದುಕೊಳ್ಳುವ ಜಾಗಕ್ಕೆ ಹತ್ತಿರದ, ಹೆರಿಗೆ ಮತ್ತು ಎನ್‌ಐಸಿಯು ಎರಡೂ ಇರುವ ಆಸ್ಪತ್ರೆಯ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಕವರ್ ಒಳಗೆ ಸೇರಿಸಿ. ರಕ್ತ ಕಂಡರೆ, ನೀರು ಹೋದರೆ, ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮುಖ ಊದಿದರೆ, ಒಂದೇ ಕಾಲು ಊದಿ ನೋವಾದರೆ, ಮಗು ಆಡೋದು ಕಮ್ಮಿಯಾದರೆ, ಬೆಳಗಾಗಲಿ ಅಂತ ಕಾಯದೆ ಆ ಚೀಟಿ ತೆಗೆದು ಟ್ಯಾಕ್ಸಿಯವನ ಕೈಗೆ ಕೊಡಿ.