ತೀರ್ಪು ಬರಲಿ ಅಂತ ಕಾಯಬೇಡಿ: ಪರಿಹಾರ ಕೊಡಿಸಿದ ನನ್ನ ಅನುಭವ

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲೆ. ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವೆಗಳ ಸಮಿತಿಯ ಪ್ಯಾನಲ್‌ನಲ್ಲೂ ಇದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಗನನ್ನು ಕಳೆದುಕೊಂಡ ಒಬ್ಬ ತಾಯಿಯ ಜೊತೆ ಕೊಲೆ ಕೇಸಿನ ಉದ್ದಕ್ಕೂ ಓಡಾಡಿದ್ದೆ. ಆರೋಪಿಗಳಿಗೆ ಜೀವಾವಧಿ ಆಯ್ತು. ತೀರ್ಪಿನ ಪ್ರತಿ ಕೈಗೆ ಬಂದಾಗ ನೋಡಿದರೆ, ಮನೆಯವರಿಗೆ ಸಿಗಬೇಕಾದ ಪರಿಹಾರದ ಹಣದ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಕೇಳಿರಲಿಲ್ಲ. ಸರ್ಕಾರಿ ವಕೀಲರು ಕೇಳಿರುತ್ತಾರೆ ಅಂದುಕೊಂಡಿದ್ದೆ. ಆ ತಾಯಿ ತೀರ್ಪು ಕೇಳಿ ಬಸ್ ಚಾರ್ಜಿಗೆ ಯಾರ ಹತ್ತಿರವೋ ಸಾಲ ಇಸ್ಕೊಂಡು ಊರಿಗೆ ಹೋದರು. ಆವತ್ತಿನ ನೋವು ನನಗೆ ಇನ್ನೂ ಹೋಗಿಲ್ಲ.

ಆಮೇಲೆ ಕೂತು ಓದಿದೆ. ಅಂಕುಶ್ ಶಿವಾಜಿ ಗಾಯಕ್ವಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ: ಪ್ರತಿ ಕ್ರಿಮಿನಲ್ ಕೇಸಿನಲ್ಲೂ ಪರಿಹಾರದ ಪ್ರಶ್ನೆಯನ್ನು ನ್ಯಾಯಾಧೀಶರು ಯೋಚಿಸಲೇಬೇಕು, ಕೊಟ್ಟರೂ ಕೊಡದಿದ್ದರೂ ಕಾರಣ ಬರೆಯಬೇಕು. ಆದರೆ ದಿನಕ್ಕೆ ಹತ್ತಾರು ಕೇಸು ನೋಡುವ ಕೋರ್ಟಿನ ಮುಂದೆ ಕಾಗದ ಇಡದಿದ್ದರೆ ನಮ್ಮ ಮಾತು ಯಾರಿಗೂ ನೆನಪಾಗೋದಿಲ್ಲ. ಅದಕ್ಕೇ ಈಗ ವಾದ ಮುಗಿಯುವ ಮೊದಲೇ ಪರಿಹಾರ ಕೇಳಿ ಕೋರ್ಟಿಗೆ ಒಂದು ಮೆಮೊ, ಅಂದರೆ ಚಿಕ್ಕ ಮನವಿ, ಹಾಕಿಸುತ್ತೇನೆ.

ಅಂಥ ಒಂದು ಕೇಸನ್ನು ಹೇಳುತ್ತೇನೆ. ತುಮಕೂರು ಜಿಲ್ಲೆಯ ಒಂದು ಹಳ್ಳಿ. ಗಂಡನೇ ಹೆಂಡತಿಯನ್ನು ಕೊಂದ ಕೇಸು. ಇಬ್ಬರು ಮಕ್ಕಳು, ದೊಡ್ಡವಳಿಗೆ ಒಂಬತ್ತು, ಚಿಕ್ಕವನಿಗೆ ಆರು. ಸಾಕುತ್ತಿದ್ದವರು ತಾಯಿಯ ತಾಯಿ. ಕಡಲೆಕಾಯಿ ಹೊಲದಲ್ಲಿ ಕೂಲಿ ಮಾಡುವ ಅಜ್ಜಿ. ಮೊದಲ ದಿನ ನನ್ನ ಎದುರು ಕೂತು, "ದುಡ್ಡು ಕೇಳಿದ್ರೆ ಮಗಳನ್ನ ಮಾರ್ದಂಗೆ ಆಗಲ್ವಾ ತಾಯಿ?" ಅಂತ ಕೇಳಿದರು. ಈ ಪ್ರಶ್ನೆ ನನಗೆ ಎಷ್ಟೋ ಮನೆಗಳಲ್ಲಿ ಎದುರಾಗಿದೆ. ನಾನು ಹೇಳಿದ್ದು ಇಷ್ಟೇ: "ಅಜ್ಜಿ, ಇದು ರಾಜಿ ದುಡ್ಡಲ್ಲ. ಅವನು ಕೊಡೋದಲ್ಲ, ಸರ್ಕಾರ ಕೊಡೋದು. ಕೇಸು ಅದರ ಪಾಡಿಗೆ ನಡೆಯುತ್ತೆ."

ಈ ವ್ಯತ್ಯಾಸ ಮನೆಯವರಿಗೆ ಮೊದಲು ತಿಳಿಯಬೇಕು. ಎರಡು ದಾರಿ ಇವೆ. ಒಂದು, ಅಪರಾಧಿ ಕಟ್ಟುವ ದಂಡದಲ್ಲಿ ಇಷ್ಟು ಮನೆಯವರಿಗೆ ಕೊಡಿ ಅಂತ ಕೋರ್ಟು ಹೇಳುವುದು. ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅಂತ ಹೇಳುವ ಕಾಯ್ದೆಯಲ್ಲಿ ಇದು ಇದೆ: ಹಳೆಯ ಸಿ.ಆರ್.ಪಿ.ಸಿ.ಯ 357ನೇ ಕಲಮು, ಅದರ ಬದಲು ಬಂದ ಈಗಿನ ಬಿ.ಎನ್.ಎಸ್.ಎಸ್.ನ 395. ಅವನು ಕಟ್ಟಬೇಕು, ಅಪೀಲಿನ ಅವಧಿ ಮುಗಿಯಬೇಕು, ಅಪೀಲು ಹಾಕಿದ್ದರೆ ಅದೂ ತೀರ್ಮಾನವಾಗಬೇಕು. ಬಡ ಅಪರಾಧಿಯ ಕೇಸಿನಲ್ಲಿ ಇದನ್ನು ನಂಬಿ ಕೂರೋದು ಬೇಡ. ಇನ್ನೊಂದು 357ಎ, 2024ರ ಜುಲೈ 1ರಿಂದ ಅದು 396. ಇಲ್ಲಿ ಕೋರ್ಟು ಶಿಫಾರಸು ಮಾಡುತ್ತದೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮೊತ್ತ ನಿಗದಿ ಮಾಡುತ್ತದೆ. ಆರೋಪಿ ಬಿಡುಗಡೆಯಾದರೂ ಕೋರ್ಟು ಶಿಫಾರಸು ಮಾಡಬಹುದು. ಆರೋಪಿ ಯಾರು ಅಂತಲೇ ಗೊತ್ತಾಗದಿದ್ದರೆ ಮನೆಯವರು ನೇರವಾಗಿ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಮನೆಯಲ್ಲೇ ಉಳಿದುಬಿಡುತ್ತಾರೆ.

ಮೆಮೊದಲ್ಲಿ ಕಾನೂನಿನ ಮಾತು ಕಡಿಮೆ, ಮನೆಯ ಸ್ಥಿತಿ ಜಾಸ್ತಿ ಇರಲಿ. ಸತ್ತವಳ ವಯಸ್ಸು, ಅವಳ ದಿನಗೂಲಿ ಎಷ್ಟಿತ್ತು, ಮಕ್ಕಳು ಯಾವ ತರಗತಿ, ಈಗ ಯಾರು ಊಟ ಹಾಕುತ್ತಿದ್ದಾರೆ. ನಾನು ಎರಡು ಪುಟಕ್ಕೆ ನಿಲ್ಲಿಸಿ, ಸರ್ಕಾರಿ ವಕೀಲರ ಕೈಗೂ ಒಂದು ಪ್ರತಿ ಕೊಟ್ಟೆ. ಮಧ್ಯಂತರ ಪರಿಹಾರಕ್ಕಂತೂ, ಅಂದರೆ ಅಂತಿಮ ಆದೇಶಕ್ಕೆ ಮೊದಲೇ ಸಿಗುವ ಹಣಕ್ಕೆ, ವಿಚಾರಣೆ ಶುರುವಾಗುವ ಮೊದಲೇ ಪ್ರಾಧಿಕಾರಕ್ಕೆ ಅರ್ಜಿ ಹಾಕಿದ್ದೆ. ತಕ್ಷಣ ಹಣದ ಅಗತ್ಯ ಇರುವವರಿಗೆ ಮಧ್ಯಂತರ ಪರಿಹಾರ ಕೊಡಿಸಬೇಕು ಅಂತ ಸುರೇಶ್ ವಿರುದ್ಧ ಹರಿಯಾಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದ ಮಾತನ್ನು ಅದರಲ್ಲಿ ಬರೆದೆ.

ನಿಜವಾದ ತೊಂದರೆ ಬಂದಿದ್ದು ಕೋರ್ಟಿನಲ್ಲಲ್ಲ, ಕಾಗದಗಳಲ್ಲಿ. ಎಫ್‌ಐಆರ್, ಪೋಸ್ಟ್ ಮಾರ್ಟಂ ವರದಿ, ಮರಣ ಪ್ರಮಾಣಪತ್ರ, ಮಕ್ಕಳ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್. ಇವೆಲ್ಲ ಹೇಗೋ ಆದವು. ವಂಶವೃಕ್ಷ ತಂದಾಗ ಅಜ್ಜಿಯ ಕೈ ನಡುಗುತ್ತಿತ್ತು. ಸತ್ತವಳ ಹೆಸರಿನ ಕೆಳಗೆ ಮೊದಲ ವಾರಸುದಾರ ಅಂತ ಗಂಡನ ಹೆಸರೇ ಇತ್ತು! ಬರೆದವರದ್ದೂ ತಪ್ಪಲ್ಲ, ನಮೂನೆ ಇರುವುದೇ ಹಾಗೆ. ಅಜ್ಜಿ ಆ ಹೆಸರಿನ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿಕೊಂಡು, "ಇದನ್ನ ಕಿತ್ತಾಕ್ಸಿ" ಅಂದರು. ಕೀಳಿಸುವ ಹಾಗಿಲ್ಲ. ಕೊಂದವನು ಸತ್ತವಳ ಆಸ್ತಿಗೆ ವಾರಸುದಾರ ಆಗುವಂತಿಲ್ಲ ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಮಿನಲ್ಲಿದೆ. ಅದನ್ನು ಎತ್ತಿ ಹೇಳಿ, ಚಾರ್ಜ್‌ಶೀಟಿನ ದೃಢೀಕೃತ ನಕಲು ಮತ್ತು ಅಜ್ಜಿಯ ಅಫಿಡವಿಟ್ ಸೇರಿಸಿ ಕೊಟ್ಟೆ. ಪ್ರಾಧಿಕಾರ ಒಪ್ಪಿತು.

ಕೋರ್ಟಿನ ಶಿಫಾರಸು ಹೋದ ಮೇಲೆ ಪ್ರಾಧಿಕಾರ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ನಮ್ಮದು ಅದಕ್ಕಿಂತ ಜಾಸ್ತಿ ಹಿಡಿಯಿತು. ತಿಂಗಳಿಗೊಮ್ಮೆ ಹೋಗಿ ಕಡತ ಯಾರ ಮೇಜಿನ ಮೇಲಿದೆ ಅಂತ ಕೇಳುತ್ತಿದ್ದೆ. ಹೀಗೆ ಹೋಗಿ ಕೇಳೋದಕ್ಕೆ ಸಂಕೋಚ ಬೇಡ. ಮಹಿಳೆ ಸತ್ತ ಪ್ರಕರಣಗಳಿಗೆ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) 2018ರಲ್ಲಿ ಮಾಡಿದ ಯೋಜನೆಯಲ್ಲಿ 5 ಲಕ್ಷದಿಂದ 10 ಲಕ್ಷ ರೂಪಾಯಿ ಅಂತಿದೆ. ಕೆಳಗಿನ ಮೊತ್ತಕ್ಕೆ ನಿಲ್ಲಬಾರದು ಅಂತ ಇಬ್ಬರು ಚಿಕ್ಕ ಮಕ್ಕಳ ಓದಿನ ಖರ್ಚನ್ನು ಲೆಕ್ಕ ಹಾಕಿ ಬರೆದುಕೊಟ್ಟಿದ್ದೆ.

ಕೊನೆಗೆ ಆದೇಶ ಬಂತು. ಆಗ ಬ್ಯಾಂಕಿನವರು, ಮಕ್ಕಳ ಖಾತೆಗೆ ತಂದೆಯ ಸಹಿ ಬೇಕು ಅಂದರು. ಜೈಲಿನಲ್ಲಿರುವ ಆ ತಂದೆಯ ಸಹಿ! ಪೋಷಕರು ಅಜ್ಜಿ ಅಂತ ಪ್ರಾಧಿಕಾರದಿಂದಲೇ ಬ್ಯಾಂಕಿಗೆ ಪತ್ರ ಬರೆಸಿಕೊಂಡು ಹೋದ ಮೇಲೆ ಖಾತೆ ತೆರೆದರು. ಈಗ ನಾನು ಅರ್ಜಿಯಲ್ಲೇ ಪೋಷಕರ ಹೆಸರನ್ನು ಆದೇಶದಲ್ಲಿ ನಮೂದಿಸಿ ಅಂತ ಕೇಳಿಬಿಡುತ್ತೇನೆ. ನೀವೂ ಕೇಳಿ, ಒಂದು ಸಾಲಿನಿಂದ ಎರಡು ತಿಂಗಳು ಉಳಿಯುತ್ತದೆ.

ಯೋಜನೆಯ ಪ್ರಕಾರ ಮಕ್ಕಳ ಪಾಲಿನಲ್ಲಿ ಶೇಕಡಾ 80ರಷ್ಟು ಅವರು ದೊಡ್ಡವರಾಗುವ ತನಕ ಠೇವಣಿಯಲ್ಲಿ ಇರುತ್ತದೆ. ಅಜ್ಜಿಗೆ ಓದಲು ಬರೋದಿಲ್ಲ. ಎರಡು ಠೇವಣಿ ರಸೀದಿಗಳನ್ನು ಬೇರೆ ಬೇರೆ ಕವರಿಗೆ ಹಾಕಿ, ಮೊಮ್ಮಗಳದ್ದಕ್ಕೆ ಕೆಂಪು ದಾರ, ಮೊಮ್ಮಗನದ್ದಕ್ಕೆ ಹಳದಿ ದಾರ ಕಟ್ಟಿ ಟ್ರಂಕಿನಲ್ಲಿ ಇಟ್ಟಿದ್ದಾರೆ. ಜೆರಾಕ್ಸ್ ಪ್ರತಿಗಳು ನನ್ನ ಬೀರುವಿನಲ್ಲಿ ಇವೆ.